ಮೂವತ್ತು ಗುಂಟೆಯಿಂದ ಮೂರು ಎಕರೆಗೆ

ಹೆಬ್ಬೆಟ್ಟು ಮೂಡಲಿಲ್ಲ. "ಇನ್ನೊಂದ್ ಸಲ ಒತ್ತಿ ಅಮ್ಮ" ಎಂದ ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ. ಆಕೆ ಸೆರಗಿನ ಅಂಚಿಗೆ ಬೆರಳು ಒರೆಸಿಕೊಂಡು ಮತ್ತೆ ಒತ್ತಿದರು. ಆಗಲೂ ಮೂಡಲಿಲ್ಲ. ನಲವತ್ತು ವರ್ಷ ಕಳೆ ಕಿತ್ತು, ರಾಗಿ ಕೊಯ್ದು, ಬೂದಿಯಲ್ಲಿ ಪಾತ್ರೆ ಉಜ್ಜಿದ ಬೆರಳು, ಗೆರೆಗಳೆಲ್ಲ ಸವೆದುಹೋಗಿದ್ದವು. ಪಕ್ಕದಲ್ಲಿದ್ದ ತಮ್ಮ ನೀರಿನ ಬಾಟಲಿ ಚಾಚಿ, "ತೊಳ್ಕೊಂಡು ಒತ್ತಕ್ಕ" ಎಂದ. ನಾಲ್ಕನೆಯ ಸಲಕ್ಕೆ ಯಂತ್ರ ಒಪ್ಪಿಕೊಂಡಿತು. ತಮ್ಮನ ಮುಖ ಹಗುರಾಯಿತು.

ಅದು ಒಂದು ತಾಲ್ಲೂಕು ಕೇಂದ್ರದ ಸಬ್‌ರಿಜಿಸ್ಟ್ರಾರ್ ಕಚೇರಿ. ನಾನು ಋಣಭಾರ ಪತ್ರಕ್ಕೆ ಕಾದು ಕೂತಿದ್ದೆ. ಆಕೆ ಬಂದಿದ್ದು ಹಕ್ಕು ಬಿಡುಗಡೆ ಪತ್ರಕ್ಕೆ. ಅಪ್ಪ ತೀರಿಕೊಂಡಿದ್ದರು, ಪೌತಿ ಖಾತೆ ಆಗಬೇಕಿತ್ತು, ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಇದ್ದುದರಿಂದ ಅವರ ಸಹಿ ಬೇಕಾಗಿತ್ತು. ಹೊರಗೆ ಹೊಂಗೆಮರದ ಕೆಳಗೆ, ಪತ್ರ ಬರಹಗಾರರ ಮೇಜುಗಳ ಪಕ್ಕದ ಕಟ್ಟೆಯಲ್ಲಿ ಆಕೆ ಕೂತಿದ್ದಾಗ ಮಾತಿಗೆ ಮಾತು ಬಂತು. ಒಟ್ಟು ಎಷ್ಟು ಜಮೀನು ಎಂದು ಕೇಳಿದೆ.

"ಗೊತ್ತಿಲ್ಲಪ್ಪ. ನಾನೇನು ಕೇಳಕ್ಕೋಗ್ಲಿಲ್ಲ. ಅಣ್ಣತಮ್ಮಂದಿರು ಚೆನ್ನಾಗಿದ್ರೆ ಸಾಕು. ನಾಳೆ ಗೌರಿ ಹಬ್ಬಕ್ಕೆ ತವರು ಅಂತ ಹೋಗಕ್ಕೆ ಒಂದು ಬಾಗಿಲು ಬೇಕಲ್ಲ."

ಅವರ ಮಡಿಲಲ್ಲಿ ಹೊಸ ಸೀರೆಯ ಕವರ್ ಇತ್ತು. ಅರಿಶಿನ ಕುಂಕುಮಕ್ಕೆಂದು ಕೊಟ್ಟದ್ದು.

ಒಳಗೆ ಅಧಿಕಾರಿ ಕೇಳಬೇಕಾದ್ದನ್ನು ಕೇಳಿದ್ದರು: ಹೆಸರೇನು, ಈ ಪತ್ರ ಬರೆದುಕೊಟ್ಟದ್ದು ನೀವೇ ಹೌದೋ, ಸಹಿ ನಿಮ್ಮದೇ ಹೌದೋ. 1908ರ ನೋಂದಣಿ ಕಾಯ್ದೆ ಅವರಿಗೆ ಒಪ್ಪಿಸಿರುವ ಕೆಲಸ ಬಹುಮಟ್ಟಿಗೆ ಇಷ್ಟೇ. ಬಂದ ವ್ಯಕ್ತಿ ಅವರೇ ಹೌದೇ, ಬರೆದುಕೊಟ್ಟಿದ್ದನ್ನು ಒಪ್ಪುತ್ತಾರೆಯೇ ಎಂದು ನೋಡುವುದು. "ನಿಮ್ಮ ಪಾಲು ಎಷ್ಟು ಗೊತ್ತೇ?" ಎಂದು ಕೇಳುವುದು ಆ ಮೇಜಿನ ಮೇಲೆ ಯಾರ ಕೆಲಸವೂ ಅಲ್ಲ. ಕಾನೂನು ಅಲ್ಲಿ ಯಾವ ತಪ್ಪನ್ನೂ ಮಾಡಲಿಲ್ಲ. ಆದರೆ ನ್ಯಾಯ ಆಯಿತೇ?

ನಮ್ಮ ಹಳೆಯ ಮೈಸೂರು ಕಡೆಯ ಮಾತಿನಲ್ಲಿ "ನ್ಯಾಯ" ಎಂಬ ಶಬ್ದಕ್ಕೆ ಎರಡು ಅರ್ಥ. "ಅವರ ಮನೇಲಿ ನ್ಯಾಯ ನಡೀತಾ ಇದೆ" ಎಂದರೆ ಜಗಳ ನಡೆಯುತ್ತಿದೆ ಎಂದು. "ನ್ಯಾಯಕ್ಕೆ ಕೂತರು" ಎಂದರೆ ನಾಲ್ಕು ಜನ ಹಿರಿಯರು ಸೇರಿ ಬಗೆಹರಿಸಲು ಕೂತರು ಎಂದು. ವ್ಯಾಜ್ಯಕ್ಕೂ ತೀರ್ಮಾನಕ್ಕೂ ಒಂದೇ ಹೆಸರು. ಯಾರೋ ಒಬ್ಬರು ಬಾಯಿ ತೆರೆದು ತಗಾದೆ ಎತ್ತದೆ ನ್ಯಾಯ ಹುಟ್ಟುವುದೇ ಇಲ್ಲ ಎಂಬ ಅನುಭವ ಆ ಶಬ್ದದೊಳಗೆ ಇದೆ. ಕಟ್ಟೆಯ ಮೇಲೆ ಕೂತಿದ್ದ ಆ ತಾಯಿ ತಗಾದೆ ಎತ್ತಲಿಲ್ಲ. ಆದ್ದರಿಂದ ಅವರ ಮನೆಯಲ್ಲಿ ನ್ಯಾಯವೂ ಇಲ್ಲ, ನ್ಯಾಯವೂ ಇಲ್ಲ.

ಇನ್ನೊಂದು ಶಬ್ದವನ್ನೂ ಗಮನಿಸಿ: ದಾಯಾದಿ. ದಾಯ ಎಂದರೆ ಪಿತ್ರಾರ್ಜಿತವಾಗಿ ಬರುವ ಆಸ್ತಿ. ಅದಕ್ಕೆ ಬಾಧ್ಯನಾದವನು ದಾಯಾದಿ. ಅಣ್ಣತಮ್ಮಂದಿರ ಮಕ್ಕಳು ದಾಯಾದಿಗಳು, ದಾಯಾದಿ ಮತ್ಸರ, ದಾಯಾದಿ ಕಲಹ ಎನ್ನುತ್ತೇವೆ. ಅಕ್ಕತಂಗಿಯರನ್ನು ಯಾರೂ ದಾಯಾದಿಗಳೆಂದು ಕರೆದದ್ದನ್ನು ನಾನು ಕೇಳಿಲ್ಲ. ಅದನ್ನು ನಾವು ಪ್ರೀತಿ ಎಂದುಕೊಂಡಿದ್ದೇವೆ. ಆಸ್ತಿಯ ಲೆಕ್ಕದಲ್ಲಿ ಅವರು ಇಲ್ಲವೇ ಇಲ್ಲ ಎಂಬುದು ಅದರ ಇನ್ನೊಂದು ಮುಖ.

ಈ ದಾಯದ ಲೆಕ್ಕವನ್ನು ಭಾರತದ ಬಹುಭಾಗಕ್ಕೆ ಬರೆದುಕೊಟ್ಟವನು ನಮ್ಮ ನೆಲದವನೇ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಎಂದರೆ 1076ರಿಂದ 1126ರ ನಡುವೆ ಬಾಳಿದ ವಿಜ್ಞಾನೇಶ್ವರ. ಕಲ್ಯಾಣ ಎಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಕಲಬುರಗಿ ಹತ್ತಿರದ ಮರ್ತೂರು ಅವನ ಊರೆಂದು ಆ ಭಾಗದ ಜನ ಹೆಮ್ಮೆಯಿಂದ ಹೇಳುತ್ತಾರೆ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ವ್ಯಾಖ್ಯಾನವೇ "ಮಿತಾಕ್ಷರ". ಬಂಗಾಳ, ಅಸ್ಸಾಂ ಕಡೆ ಜೀಮೂತವಾಹನನ "ದಾಯಭಾಗ" ನಡೆಯಿತು. ಉಳಿದ ಕಡೆಗಳಲ್ಲಿ ಬಹುಮಟ್ಟಿಗೆ ಮಿತಾಕ್ಷರವೇ ಆಧಾರ.

ಇಬ್ಬರಿಗೂ ಇದ್ದ ವ್ಯತ್ಯಾಸ ಒಂದೇ ಪ್ರಶ್ನೆಯದು: ಹಕ್ಕು ಹುಟ್ಟುವುದು ಯಾವಾಗ? ಅಪ್ಪ ಸತ್ತಾಗ ಎಂದ ಜೀಮೂತವಾಹನ. ಮಗ ಹುಟ್ಟಿದಾಗಲೇ ಎಂದ ವಿಜ್ಞಾನೇಶ್ವರ. ಕೇಳುವುದಕ್ಕೆ ಪಂಡಿತರ ತರ್ಕದಂತಿದೆ. ಆದರೆ ಇದು ಮನೆಯ ಅಧಿಕಾರವನ್ನೇ ಬದಲಿಸುವ ಮಾತು. ಹುಟ್ಟಿನಿಂದಲೇ ಹಕ್ಕಿದ್ದರೆ ಅಜ್ಜನ ಕಾಲದ ಹೊಲವನ್ನು ಅಪ್ಪ ಮನಸ್ಸಿಗೆ ಬಂದಂತೆ ಮಾರುವಂತಿಲ್ಲ. ತೊಟ್ಟಿಲಲ್ಲಿ ಮಲಗಿರುವ ಕೂಸೂ ಅದರಲ್ಲಿ ಪಾಲುದಾರ. ಹಕ್ಕು ಎಂದರೆ ದೊಡ್ಡವರು ದಯಪಾಲಿಸುವ ಕೊಡುಗೆಯಲ್ಲ, ಹುಟ್ಟಿದ ಮಾತ್ರಕ್ಕೆ ಬರುವುದು ಎಂಬ ಮಾತನ್ನು ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ಕೂತು ಒಬ್ಬ ವಾದಿಸಿ ಸ್ಥಾಪಿಸಿದ. ಕನ್ನಡ ನೆಲ ಕಾನೂನಿನ ಲೋಕಕ್ಕೆ ಕೊಟ್ಟದ್ದರಲ್ಲಿ ಇದಕ್ಕಿಂತ ದೊಡ್ಡದು ನನಗೆ ಕಾಣುವುದಿಲ್ಲ.

ಆದರೆ ಆ ತೊಟ್ಟಿಲಲ್ಲಿ ಹೆಣ್ಣುಕೂಸು ಮಲಗಿದ್ದರೆ?

ಅವಳಿಗೆ ಜನ್ಮದ ಹಕ್ಕು ಇರಲಿಲ್ಲ. ಆದರೆ ಏನೂ ಇರಲಿಲ್ಲ ಎನ್ನುವುದೂ ಸರಿಯಲ್ಲ. ತಂದೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಪಾಲಾಗುವಾಗ ಮದುವೆಯಾಗದ ತಂಗಿಗೆ ಕಾಲುಭಾಗ ಕೊಡಬೇಕು ಎಂದು ಯಾಜ್ಞವಲ್ಕ್ಯ ಸ್ಮೃತಿಯಲ್ಲಿದೆ. ವಿಜ್ಞಾನೇಶ್ವರನಿಗಿಂತ ಹಿಂದಿನ ಕೆಲವರು ಇದಕ್ಕೆ ಒಂದು ಸುಲಭದ ಅರ್ಥ ಹಚ್ಚಿದ್ದರು: ಕಾಲುಭಾಗ ಎಂದರೆ ಮದುವೆಯ ಖರ್ಚಿಗೆ ಸಾಕಾಗುವಷ್ಟು ಎಂದಷ್ಟೇ ತಿಳಿಯಬೇಕು, ಮದುವೆ ಮಾಡಿಕೊಟ್ಟರೆ ಮುಗಿಯಿತು. ವಿಜ್ಞಾನೇಶ್ವರ ಇದನ್ನು ಒಪ್ಪಲಿಲ್ಲ. ತಂದೆಯ ನಂತರ ಮಗಳೂ ಪಾಲಿಗೆ ಬಾಧ್ಯಳು. ಕಾಲುಭಾಗ ಎಂದರೆ ಕಾಲುಭಾಗವೇ ಎಂದ. ಕೊಡಲೊಲ್ಲದ ಸೋದರರು ಪತಿತರಾಗುತ್ತಾರೆಂಬ ಮನುವಿನ ಮಾತನ್ನೂ ತನ್ನ ವಾದಕ್ಕೆ ತಂದುಕೊಂಡ. ಎಣಿಸುವ ಬಗೆಯನ್ನೂ ಬಿಡಿಸಿ ಹೇಳಿದ: ಅವಳೂ ಗಂಡಾಗಿದ್ದರೆ ಎಷ್ಟು ಸಿಗುತ್ತಿತ್ತೋ ಅದರ ನಾಲ್ಕನೆಯ ಒಂದು ಭಾಗ.

"ಮದುವೆಗೆ ಖರ್ಚು ಮಾಡಿದೀವಲ್ಲ, ಇನ್ನೇನು ಪಾಲು?" ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇಂದಿಗೂ ಪಾಲುಪಾರೀಖತ್ತಿನ ದಿನ ಜಗಲಿಯಲ್ಲಿ ಮೊದಲು ಬೀಳುವ ಮಾತು ಇದು. ಆ ವಾದವನ್ನು ಸಂಪ್ರದಾಯದ ಮಾತೆಂದು ಯಾರಾದರೂ ಹೇಳಿದರೆ, ಸಂಪ್ರದಾಯದ ಅತಿ ದೊಡ್ಡ ಧರ್ಮಶಾಸ್ತ್ರಜ್ಞನೇ ಅದನ್ನು ತಳ್ಳಿಹಾಕಿದ್ದಾನೆ ಎಂದು ತಿಳಿಸಬೇಕು.

ಒಂದು ಮನೆಯ ಲೆಕ್ಕ ಇಟ್ಟುಕೊಳ್ಳೋಣ. ಒಂಬತ್ತು ಎಕರೆ ಪಿತ್ರಾರ್ಜಿತ ಹೊಲ. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ತಾಯಿ ಮೊದಲೇ ತೀರಿಕೊಂಡಿದ್ದಾಳೆ, ಈಗ ತಂದೆಯೂ ಇಲ್ಲ. ವಿಜ್ಞಾನೇಶ್ವರನ ಲೆಕ್ಕದಲ್ಲಿ ಮೊದಲು ಮೂರು ಭಾಗ. ಒಂದು ಭಾಗಕ್ಕೆ ಮೂರು ಎಕರೆ. ಅದರ ಕಾಲುಭಾಗ ಮಗಳಿಗೆ. ನಲವತ್ತು ಗುಂಟೆಗೆ ಒಂದು ಎಕರೆ ಎಂಬ ನಮ್ಮ ಇಂದಿನ ಅಳತೆಯಲ್ಲಿ ಮೂವತ್ತು ಗುಂಟೆ. ಈ ಮನೆಯನ್ನು ನೆನಪಿನಲ್ಲಿಡಿ, ಮತ್ತೆ ಮತ್ತೆ ಇಲ್ಲಿಗೇ ಬರಬೇಕಾಗುತ್ತದೆ.

ಮುಂದಿನ ಶತಮಾನಗಳಲ್ಲಿ ಊರೂರಿನ ರೂಢಿ ಈ ಕಾಲುಭಾಗವನ್ನೂ ನುಂಗಿಹಾಕಿತು. ಬ್ರಿಟಿಷರ ಕಾಲಕ್ಕೆ, 1810ರಲ್ಲಿ ಕೋಲ್‌ಬ್ರೂಕ್ ಮಿತಾಕ್ಷರದ ದಾಯವಿಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ. ಸಂಸ್ಕೃತ ಬಾರದ ನ್ಯಾಯಾಧೀಶರಿಗೆ ಅದೇ ಹಿಂದೂ ಕಾನೂನಿನ ಕೈಪಿಡಿಯಾಯಿತು. ವ್ಯಾಖ್ಯಾನದಿಂದ ವ್ಯಾಖ್ಯಾನಕ್ಕೆ ಬೆಳೆಯುತ್ತಿದ್ದ ಶಾಸ್ತ್ರ ತೀರ್ಪಿನಿಂದ ತೀರ್ಪಿಗೆ ಗಟ್ಟಿಯಾಗುತ್ತ ಹೋಯಿತು. ಹೆಣ್ಣಿಗೆ ಯಾವ ದಾರಿಯಲ್ಲಿ ಬಂದ ಆಸ್ತಿಯಾದರೂ ಅದು ಸ್ತ್ರೀಧನವೇ ಎಂದು ವಿಜ್ಞಾನೇಶ್ವರ ಅಗಲವಾಗಿ ಬರೆದಿದ್ದ. ಲಂಡನ್ನಿನ ಪ್ರಿವಿ ಕೌನ್ಸಿಲ್ ಅದನ್ನು ಕುಗ್ಗಿಸಿತು. ಗಂಡನಿಂದ ಬಂದ ಆಸ್ತಿ ವಿಧವೆಗೆ ಬದುಕಿರುವವರೆಗೆ ಅನುಭವಿಸಲು ಮಾತ್ರ ಎಂಬುದು ಬೇರೂರಿತು.

ಕರಾವಳಿಯ ಮಾತೇ ಬೇರೆ. ಅಳಿಯಸಂತಾನ ಕಟ್ಟಿನಲ್ಲಿ ಕುಟುಂಬದ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು. ಒಂದೇ ರಾಜ್ಯದೊಳಗೆ, ಘಟ್ಟದ ಆಚೆ ಒಂದು, ಈಚೆ ಒಂದು. ಗಂಡಿಗೇ ಆಸ್ತಿ ಎಂಬುದು ಪ್ರಕೃತಿಯ ನಿಯಮವೇನಲ್ಲ, ಒಂದೊಂದು ಸಮಾಜ ಮಾಡಿಕೊಂಡ ಕಟ್ಟಳೆ ಎಂಬುದಕ್ಕೆ ನಾವು ದೂರ ಹುಡುಕಬೇಕಾಗಿಲ್ಲ, ಆಗುಂಬೆ ಇಳಿದರೆ ಸಾಕು.

ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ತಂದಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ದೊರೆ, ಮಿರ್ಜಾ ಇಸ್ಮಾಯಿಲ್ ದಿವಾನರು. ಪಾಲಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಮಗಳಿಗೆ ಅಥವಾ ತಂಗಿಗೆ ಪಾಲು ಕೊಡಬೇಕೆಂದು ಅದು ಹೇಳಿತು. ಮಗಳಿಗೆ ಎಷ್ಟು? ಸೋದರನ ಪಾಲಿನ ಕಾಲುಭಾಗ. ವಿಜ್ಞಾನೇಶ್ವರನ ಕಾಲುಭಾಗವೇ ಎಂಟು ಶತಮಾನ ದಾಟಿ ಸರ್ಕಾರಿ ಗೆಜೆಟ್ಟಿನಲ್ಲಿ ಎದ್ದು ಬಂದಿತ್ತು. ಎಣಿಸುವ ಬಗೆ ಮಾತ್ರ ಬೇರೆ: ನಮ್ಮ ಮನೆಯ ಲೆಕ್ಕದಲ್ಲಿ ಗಂಡುಮಕ್ಕಳಿಗೆ ನಾಲ್ಕು ನಾಲ್ಕು ಎಕರೆ, ಮಗಳಿಗೆ ಒಂದು ಎಕರೆ. ಬ್ರಿಟಿಷ್ ಇಂಡಿಯಾ ಇಂಥದೊಂದು ಕಾಯ್ದೆ ಮಾಡಿದ್ದು ನಾಲ್ಕು ವರ್ಷ ತಡವಾಗಿ, 1937ರಲ್ಲಿ. ಅದೂ ವಿಧವೆಯರಿಗಷ್ಟೆ, ಮಗಳಿಗಿಲ್ಲ. ಆದರೆ ಮೈಸೂರಿನ ಕಾಯ್ದೆ ಮೈಸೂರು ಸೀಮೆಗೆ ಮಾತ್ರ ನಡೆಯಿತು. ಮುಂಬಯಿ ಪ್ರಾಂತ್ಯದ ಬೆಳಗಾವಿಗೆ, ನಿಜಾಮರ ಕಲಬುರಗಿಗೆ, ಮದರಾಸಿನ ಬಳ್ಳಾರಿಗೆ ಅದು ತಲುಪಲಿಲ್ಲ. ವಿಜ್ಞಾನೇಶ್ವರ ಬರೆದ ನೆಲದ ಹೆಣ್ಣುಮಕ್ಕಳಿಗೇ ಅವನ ಕಾಲುಭಾಗ ಸಿಗಲಿಲ್ಲ.

ದೇಶಕ್ಕೆಲ್ಲ ಒಂದೇ ಹಿಂದೂ ಕಾನೂನು ಬೇಕೆಂದು ಕರಡು ಸಿದ್ಧಪಡಿಸಲು 1941ರಲ್ಲಿ ನೇಮಕವಾದ ಸಮಿತಿಯ ಅಧ್ಯಕ್ಷರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾಯರು, ಮುಂದೆ ಸಂವಿಧಾನ ಸಭೆಗೆ ಸಲಹೆಗಾರರಾದ ಬಿ.ಎನ್. ರಾವ್. ಅವರ ಸಮಿತಿ ಮಗಳಿಗೆ ಮಗನ ಪಾಲಿನ ಅರ್ಧ ಎಂದಿತ್ತು. ಅಂಬೇಡ್ಕರ್ ಹೊತ್ತು ನಡೆಸಿದ ಮಸೂದೆ ಅದನ್ನು ಸಮಪಾಲಿಗೆ ಏರಿಸಿತು. ಸಂಸತ್ತಿನಲ್ಲಿ ಎದ್ದ ವಿರೋಧಕ್ಕೆ ಸರ್ಕಾರ ಮಸೂದೆಯನ್ನು ಕೈಬಿಟ್ಟಾಗ ಅಂಬೇಡ್ಕರ್ 1951ರ ಸೆಪ್ಟೆಂಬರಿನಲ್ಲಿ ಕಾನೂನು ಮಂತ್ರಿ ಪದವಿಯನ್ನೇ ಬಿಟ್ಟರು. ಮನೆಯ ಮಗಳ ಪಾಲಿನ ಪ್ರಶ್ನೆಯೂ ಸೇರಿದ್ದ ಆ ಮಸೂದೆಗಾಗಿ ಕೇಂದ್ರದ ಮಂತ್ರಿಯೊಬ್ಬರು ಕುರ್ಚಿ ಬಿಟ್ಟದ್ದನ್ನು ಪ್ರತಿ ಹೆಣ್ಣುಮಗಳೂ ತಿಳಿದಿರಬೇಕು.

ಕೊನೆಗೆ ಬಂದ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅರ್ಧ ದಾರಿ ನಡೆದು ನಿಂತಿತು. ತಂದೆಯ ಸ್ವಯಾರ್ಜಿತದಲ್ಲಿ, ಅವನು ವಿಲ್ ಬರೆಯದೆ ತೀರಿಕೊಂಡರೆ, ಮಗನಿಗೂ ಮಗಳಿಗೂ ಸಮ. ಅದು ದೊಡ್ಡ ಹೆಜ್ಜೆ. ಪಿತ್ರಾರ್ಜಿತದಲ್ಲಿ ಮಾತ್ರ ಜನ್ಮದ ಹಕ್ಕು ಗಂಡಿಗೇ ಉಳಿಯಿತು. ತಂದೆ ಸಾಯುವ ಮುಂಚಿನ ಕ್ಷಣದಲ್ಲಿ ಪಾಲಾಯಿತೆಂದು ಭಾವಿಸಿ, ಅವನ ಪಾಲಿಗೆ ಬರುವುದರಲ್ಲಷ್ಟೇ ಮಗಳಿಗೆ ಹಂಚಿಕೆ. ನಮ್ಮ ಒಂಬತ್ತು ಎಕರೆಯಲ್ಲಿ ಅಪ್ಪನಿಗೆ ಮೂರು, ಮಕ್ಕಳಿಬ್ಬರಿಗೆ ಮೂರು ಮೂರು. ಅಪ್ಪನ ಮೂರನ್ನು ಮತ್ತೆ ಮೂವರಿಗೆ ಹಂಚಿದರೆ ಮಗಳಿಗೆ ಒಂದು ಎಕರೆ, ಗಂಡುಮಕ್ಕಳಿಗೆ ನಾಲ್ಕು ನಾಲ್ಕು. 1933ರಲ್ಲಿ ಮೈಸೂರಿನ ಮಗಳಿಗೆ ಸಿಕ್ಕಿದ್ದೂ ಇದೇ ಒಂದು ಎಕರೆ! ಮದುವೆಯಾದವಳಿಗೂ ಸಿಗುತ್ತದೆ ಎಂಬುದಷ್ಟೇ ಹೆಚ್ಚಾದದ್ದು. ಮನೆಯ ಮಾತಂತೂ ಇನ್ನೂ ಕಷ್ಟ. ಗಂಡುಮಕ್ಕಳು ತಾವಾಗಿ ಪಾಲಾಗುವವರೆಗೆ ವಾಸದ ಮನೆಯಲ್ಲಿ ಪಾಲು ಕೇಳಲು ಮಗಳಿಗೆ ಹಕ್ಕಿರಲಿಲ್ಲ.

ಕರ್ನಾಟಕ ಈ ಕೊರತೆ ತುಂಬಲು ತಿದ್ದುಪಡಿ ಜಾರಿಗೆ ತಂದದ್ದು 1994ರ ಜುಲೈ 30ರಂದು. ಆಂಧ್ರ, ತಮಿಳುನಾಡು ನಮಗಿಂತ ಮೊದಲೇ ತಂದಿದ್ದವು. ಮಹಾರಾಷ್ಟ್ರ ಅದೇ ವರ್ಷ. ಮಗಳಿಗೂ ಜನ್ಮದಿಂದಲೇ ಸಮಹಕ್ಕು. ಆದರೆ ಅದಕ್ಕೊಂದು ಗೆರೆ ಎಳೆದಿದ್ದರು: ಆ ದಿನಕ್ಕೆ ಮೊದಲೇ ಮದುವೆಯಾದವರಿಗೆ ಇಲ್ಲ. ಒಂದೇ ತಾಯಿಯ ಇಬ್ಬರು ಹೆಣ್ಣುಮಕ್ಕಳನ್ನು ನೆನೆಸಿಕೊಳ್ಳಿ. ಅಕ್ಕನ ಧಾರೆ ಮೇ ತಿಂಗಳ ಲಗ್ನದಲ್ಲಿ, ತಂಗಿಯದು ಡಿಸೆಂಬರಿನಲ್ಲಿ. ತಂಗಿ ಪಾಲುದಾರಳು, ಅಕ್ಕ ಅಲ್ಲ. ಹುಟ್ಟಿನಿಂದ ಬರುವ ಹಕ್ಕನ್ನು ಮದುವೆಯ ತಾರೀಖು ಕಿತ್ತುಕೊಳ್ಳುವುದಾದರೆ ಅದನ್ನು ಜನ್ಮದ ಹಕ್ಕು ಎನ್ನುವುದು ಹೇಗೆ? ಮಗನಿಗೆ ಮದುವೆಯಾದರೆ ಅವನ ಪಾಲು ಎಲ್ಲಿಗೂ ಹೋಗುವುದಿಲ್ಲ.

2000ದಲ್ಲಿ ಕಾನೂನು ಆಯೋಗ ತನ್ನ 174ನೆಯ ವರದಿಯಲ್ಲಿ ಈ ಭೇದಗಳನ್ನೆಲ್ಲ ತೆಗೆಯಬೇಕೆಂದಿತು. 2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಜಾರಿಗೆ ಬಂತು. ಮದುವೆಯಾಗಲಿ ಬಿಡಲಿ, ಮಗಳು ಮಗನಂತೆಯೇ ಹುಟ್ಟಿನಿಂದ ಪಾಲುದಾರಳು; ಮಗನಿಗಿರುವ ಹೊಣೆಗಳೂ ಅವಳಿಗಿವೆ. ಮನೆಯ ಮೇಲಿನ ನಿರ್ಬಂಧವೂ ಹೋಯಿತು. ಒಂಬತ್ತು ಎಕರೆಯ ಲೆಕ್ಕ ಈಗ ಹೀಗೆ: ಅಪ್ಪ, ಮೂವರು ಮಕ್ಕಳು, ತಲೆಗೆ ಎರಡು ಎಕರೆ ಹತ್ತು ಗುಂಟೆ. ಅಪ್ಪನದನ್ನು ಮೂವರಿಗೆ ಹಂಚಿದರೆ ಮೂವತ್ತು ಮೂವತ್ತು ಗುಂಟೆ. ಒಟ್ಟು ಮೂರು ಎಕರೆ ಮಗಳಿಗೆ.

ಈ ಕಾನೂನು ವಿಜ್ಞಾನೇಶ್ವರನನ್ನು ಅಳಿಸಿಹಾಕಿತು ಎನ್ನುವವರಿದ್ದಾರೆ. ನಾನು ಹಾಗೆ ನೋಡುವುದಿಲ್ಲ. ಹುಟ್ಟೇ ಹಕ್ಕಿಗೆ ಮೂಲ ಎಂದವನು ಅವನು. ಆ ಮಾತನ್ನು ತೊಟ್ಟಿಲಲ್ಲಿರುವ ಹೆಣ್ಣುಕೂಸಿಗೂ ಹೇಳಲು ನಮಗೆ ಒಂಬೈನೂರು ವರ್ಷ ಬೇಕಾಯಿತು ಅಷ್ಟೆ.

ಕಾನೂನು ಬಂದ ಮೇಲೂ ನ್ಯಾಯಾಲಯದ ದಾರಿ ಮುಗಿಯಲಿಲ್ಲ. 2005ಕ್ಕೆ ಮೊದಲೇ ತಂದೆ ತೀರಿಹೋಗಿದ್ದರೆ? ಇದಕ್ಕೆ ಉತ್ತರ ಹುಡುಕಿದ ಮುಖ್ಯ ಪ್ರಕರಣಗಳು ಕರ್ನಾಟಕದಿಂದಲೇ ಹೋದವು. ವಕೀಲರು "ಫುಲವತಿ ಕೇಸು" ಎನ್ನುವ ದಾವೆ ಬೆಳಗಾವಿಯ ನ್ಯಾಯಾಲಯದಲ್ಲಿ ಹೂಡಿದ್ದು 1992ರಲ್ಲಿ. ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 2015ರ ಅಕ್ಟೋಬರಿನಲ್ಲಿ. ಇಪ್ಪತ್ತಮೂರು ವರ್ಷ ಕಾದವರಿಗೆ ಸಿಕ್ಕ ಉತ್ತರ, 2005ರ ಆ ದಿನ ತಂದೆ ಬದುಕಿರಬೇಕಿತ್ತು ಎಂದು. 2018ರಲ್ಲಿ "ದಾನಮ್ಮ ಕೇಸು", ಅದೂ ನಮ್ಮ ರಾಜ್ಯದ್ದೇ. ಅಲ್ಲಿ ತಂದೆ 2001ರಲ್ಲೇ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟರು. ಎರಡೂ ಇಬ್ಬರು ನ್ಯಾಯಮೂರ್ತಿಗಳ ಪೀಠಗಳು, ಒಂದಕ್ಕೊಂದು ಹೊಂದಲಿಲ್ಲ. ಕೆಳಗಿನ ನ್ಯಾಯಾಲಯಗಳಲ್ಲಿ ಅಣ್ಣನ ವಕೀಲರು ಒಂದು ತೀರ್ಪು ಹಿಡಿದರೆ ತಂಗಿಯ ವಕೀಲರು ಇನ್ನೊಂದನ್ನು ಹಿಡಿಯುತ್ತಿದ್ದರು.

ಮೂವರು ನ್ಯಾಯಮೂರ್ತಿಗಳ ಪೀಠ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಇದನ್ನು ಬಗೆಹರಿಸಿತು. ಅರುಣ್ ಮಿಶ್ರಾ, ಎಂ.ಆರ್. ಶಾ ಅವರೊಂದಿಗೆ ನಮ್ಮ ದಕ್ಷಿಣ ಕನ್ನಡದ ಎಸ್. ಅಬ್ದುಲ್ ನಜೀರ್ ಆ ಪೀಠದಲ್ಲಿದ್ದರು. ಹಕ್ಕು ಬಂದಿರುವುದು ಮಗಳ ಹುಟ್ಟಿನಿಂದ. ತಂದೆ ಆ ದಿನ ಬದುಕಿದ್ದನೇ ಇಲ್ಲವೇ ಎಂಬುದು ಮುಖ್ಯವಲ್ಲ ಎಂದಿತು ತೀರ್ಪು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಪಾಲಾಗಿದ್ದರೆ ಅದನ್ನು ಅಲುಗಿಸುವಂತಿಲ್ಲ. ಆದರೆ "ನಮ್ಮದು ಆಗಲೇ ಬಾಯಿಮಾತಲ್ಲಿ ಪಾಲಾಗಿತ್ತು" ಎಂದರೆ ಸಾಲದು. ಸಾರ್ವಜನಿಕ ದಾಖಲೆಗಳ ಗಟ್ಟಿ ಆಧಾರವಿದ್ದಾಗ, ಅದೂ ಅಪರೂಪಕ್ಕೆ ಮಾತ್ರ ಅದನ್ನು ಒಪ್ಪಬಹುದು ಎಂದರು. ಬಾಯಿಮಾತಿನ ಪಾಲು ಎಂಬುದು ಎಷ್ಟು ಮನೆಗಳಲ್ಲಿ ತಂಗಿಯರನ್ನು ಹೊರಗಿಡುವ ಉಪಾಯವಾಗಿತ್ತೆಂಬುದು ಸಿವಿಲ್ ವಕೀಲರಿಗೆಲ್ಲ ತಿಳಿದ ವಿಷಯ.

ಇಷ್ಟು ದೂರ ನಡೆದು ಬಂದ ಹಕ್ಕು ಸಬ್‌ರಿಜಿಸ್ಟ್ರಾರ್ ಕಚೇರಿಯ ಮೇಜಿನ ಮೇಲೆ ಐದು ನಿಮಿಷದಲ್ಲಿ ಮುಗಿದುಹೋಗುತ್ತದೆ. ನನ್ನನ್ನು ಕಾಡುವುದು ಇದು.

ಹಕ್ಕು ಬಿಟ್ಟುಕೊಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಬೇಡವೆನ್ನುವ ಸ್ವಾತಂತ್ರ್ಯವೂ ಹಕ್ಕಿನ ಒಂದು ಭಾಗವೇ. ತಮ್ಮನಿಗೆ ಎರಡು ಎಕರೆಯೇ ಗತಿ, ಅಕ್ಕನ ಮನೆಯಲ್ಲಿ ಕೊರತೆಯಿಲ್ಲ ಎಂದಾಗ ಅವಳು ಸಂತೋಷದಿಂದ ಬರೆದುಕೊಟ್ಟರೆ ಅದಕ್ಕಿಂತ ದೊಡ್ಡತನವಿಲ್ಲ. ಆದರೆ ಏನನ್ನು ಬಿಡುತ್ತಿದ್ದೇನೆಂದು ಗೊತ್ತಿದ್ದು ಬಿಟ್ಟಾಗ ಮಾತ್ರ ಅದು ಬಿಟ್ಟುಕೊಟ್ಟದ್ದು. 1872ರ ಕರಾರು ಕಾಯ್ದೆ ಸಮ್ಮತಿ ಮುಕ್ತವಾಗಿರಬೇಕು ಎನ್ನುತ್ತದೆ. ಬಲವಂತ, ಅನುಚಿತ ಪ್ರಭಾವ, ಮೋಸ, ತಪ್ಪು ಮಾಹಿತಿ ಇರಬಾರದು. ತವರಿನ ಬಾಗಿಲು ಮುಚ್ಚಿಹೋಗುತ್ತದೆಂಬ ಭಯ ಈ ಪಟ್ಟಿಯಲ್ಲಿ ಎಲ್ಲಿ ಸೇರುತ್ತದೆ? ಯಾರೂ ಬೆದರಿಸಿರುವುದಿಲ್ಲ. "ಸೈನ್ ಹಾಕದಿದ್ರೆ ಬರಬೇಡ" ಎಂದು ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ. ಆದರೂ ಬಾಗಿನದ ಮೊರ, ಬಾಣಂತನ, ಮಗನ ಮದುವೆಗೆ ಸೋದರಮಾವ ನಿಂತು ಮಾಡಬೇಕಾದ ಶಾಸ್ತ್ರ, ಎಲ್ಲವೂ ಆ ಒಂದು ಸಹಿಗೆ ಒತ್ತೆ ಬಿದ್ದಿರುತ್ತವೆ. ಸಾಬೀತು ಮಾಡಲು ಸಾಕ್ಷಿಯೇ ಸಿಗದ ಒತ್ತಡ ಇದು.

ಅಣ್ಣತಮ್ಮಂದಿರ ಮಾತಿನಲ್ಲೂ ಹುರುಳಿದೆ. ಬೋರ್‌ವೆಲ್ ಸಾಲ ತೀರಿಸಿದವರು ಅವರು, ಅಪ್ಪನನ್ನು ಆಸ್ಪತ್ರೆಗೆ ಹೊತ್ತವರು ಅವರು. ಅದನ್ನು ಲೆಕ್ಕಕ್ಕೆ ಹಿಡಿಯಬೇಕಾದ್ದು ನ್ಯಾಯವೇ. ಹಾಗಿದ್ದರೆ ಅದನ್ನು ಅಕ್ಕತಂಗಿಯರ ಎದುರು ಕೂತು ಲೆಕ್ಕ ಹಾಕಿ. ರಾತ್ರಿ ಆಸ್ಪತ್ರೆಯಲ್ಲಿ ಅಪ್ಪನ ಪಕ್ಕ ಮಲಗಿದವಳು ಯಾರು ಎಂಬುದೂ ಲೆಕ್ಕಕ್ಕೆ ಬರಲಿ. 2007ರ ಹಿರಿಯ ನಾಗರಿಕರ ಕಾಯ್ದೆ ತಂದೆತಾಯಿಯನ್ನು ಸಾಕುವ ಹೊಣೆಯನ್ನು ಮಗಳ ಮೇಲೂ ಹೊರಿಸಿದೆ. "ಜಮೀನು ತುಂಡಾಗುತ್ತದೆ" ಎಂಬ ಮಾತೂ ಇದೆ. ಇಬ್ಬರು ಅಣ್ಣಂದಿರಿಗೆ ಮೂರನೆಯವನಾಗಿ ತಮ್ಮ ಹುಟ್ಟಿದ್ದರೂ ಅದು ತುಂಡಾಗುತ್ತಿತ್ತು. ತುಂಡಾಗಬಾರದೆಂದು ಅವನನ್ನು ಹೆಬ್ಬೆಟ್ಟು ಒತ್ತಲು ಯಾರೂ ಕರೆದೊಯ್ಯುವುದಿಲ್ಲ.

ಸರ್ಕಾರ ಒಂದು ಕೆಲಸ ಮಾಡಬಹುದು, ಹೆಚ್ಚು ಖರ್ಚಿನದಲ್ಲ. ಹಕ್ಕು ಬಿಡುಗಡೆ ಪತ್ರದ ಮೊದಲ ಪುಟದಲ್ಲೇ ಬರೆಯುವುದು ಕಡ್ಡಾಯವಾಗಲಿ: ಒಟ್ಟು ಆಸ್ತಿ ಇಷ್ಟು, ಅದರಲ್ಲಿ ಬಿಡುತ್ತಿರುವವರ ಪಾಲು ಇಷ್ಟು ಗುಂಟೆ, ಮಾರ್ಗಸೂಚಿ ದರದಲ್ಲಿ ಅದರ ಬೆಲೆ ಇಷ್ಟು ರೂಪಾಯಿ. ಅಧಿಕಾರಿ ಅದನ್ನು ಆಕೆಯೊಬ್ಬರನ್ನೇ ಕೂರಿಸಿಕೊಂಡು ಗಟ್ಟಿಯಾಗಿ ಓದಿ ಹೇಳಲಿ, ಅಣ್ಣತಮ್ಮಂದಿರು ಆ ಐದು ನಿಮಿಷ ಹೊರಗೆ ನಿಲ್ಲಲಿ. ಇಷ್ಟಾದ ಮೇಲೆ ಒತ್ತಿದ ಹೆಬ್ಬೆಟ್ಟಿಗೆ ಒಂದು ಬೆಲೆ ಇರುತ್ತದೆ.

ಅಲ್ಲಿಯವರೆಗೆ ಮನೆಯೊಳಗೆ ನಾವೇ ಮಾಡಬಹುದಾದದ್ದು ಇದೆ. ಈ ಭಾನುವಾರ ಪೆಟ್ಟಿಗೆಯಿಂದ ಪಹಣಿ ತೆಗೆಯಿರಿ. ಅಕ್ಕತಂಗಿಯರನ್ನು ಊಟಕ್ಕೆ ಕರೆಯಿರಿ. ಉಂಡಾದ ಮೇಲೆ ಕಾಗದ ಅವರ ಮುಂದಿಟ್ಟು, "ಒಟ್ಟು ಇಷ್ಟಿದೆ, ಇದರಲ್ಲಿ ನಿನ್ನದು ಇಷ್ಟು" ಎಂದು ಬಾಯಿಬಿಟ್ಟು ಹೇಳಿ. ತೆಗೆದುಕೊಂಡರೂ ಬಿಟ್ಟುಕೊಟ್ಟರೂ ಗೌರಿ ಹಬ್ಬಕ್ಕೆ ಬಾಗಿಲು ತೆರೆದೇ ಇ​ರುತ್ತದೆಂದು ಅದೇ ಉಸಿರಿನಲ್ಲಿ ಹೇಳಿ. ಮುಂದಿನದನ್ನು ಅವರಿಗೆ ಬಿಡಿ.